ಕಡಲಾಳದ ಜಾಡು ಹಿಡಿದು

ತಾಳವಾಡಿ ಬೆಟ್ಟಗಳ ತಿಗನಾರೆಯಲ್ಲಿ ರಾಗಿ, ಮುಸುಕಿನ ಜೋಳ ಬೆಳೆಯುವವರಿಗೆ ಆನೆಯ ಜಾಡು ಹಿಡಿಯುವುದು ಗೊತ್ತು. ಮಣ್ಣಿನಲ್ಲಿ ಮೂಡಿದ ಹೆಜ್ಜೆ, ಮುರಿದ ಬೇಲಿ, ಬಿಸಿಯಾರದ ಲದ್ದಿ ಅವರಿಗೆ ಸಾಕು. ಈ ಸತ್ಯಮಂಗಲ–ಚಾಮರಾಜನಗರ ಕಾಡುಸೀಮೆಯಲ್ಲೇ 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಆನೆಗಳ ಬೆನ್ನುಹತ್ತಿ ಅಧ್ಯಯನ ಮಾಡಿದ್ದು. ಈಗ ರೇಡಿಯೊ ಕಾಲರ್ ಬಂದು ಆ ಕೆಲಸ ಎಷ್ಟೋ ಹಗುರಾಗಿದೆ.

ಕಡಲಿನಲ್ಲಿ ಅದು ನಡೆಯದು. ಉಪ್ಪುನೀರು ರೇಡಿಯೊ ಅಲೆಗಳನ್ನು ನುಂಗಿಬಿಡುತ್ತದೆ.

ಅದೇ ಸಂಸ್ಥೆಯ ವಿಜ್ಞಾನಿಗಳು ಮತ್ತು ಬೆಂಗಳೂರಿನ ದಕ್ಷಿಣ್ ಫೌಂಡೇಶನ್ 2011ರಿಂದ 2014ರ ನಡುವೆ ಲಿಟಲ್ ಅಂಡಮಾನ್ ದ್ವೀಪಕ್ಕೆ ಮೊಟ್ಟೆಯಿಡಲು ಬಂದ 10 ಲೆದರ್‌ಬ್ಯಾಕ್ ಕಡಲಾಮೆಗಳಿಗೆ ಉಪಗ್ರಹ ಟ್ಯಾಗ್ ಅಳವಡಿಸಿದರು. ಕೆಲವು ಆಸ್ಟ್ರೇಲಿಯಾದ ಕಡೆ ಹೊರಟವು, ಕೆಲವು ಆಫ್ರಿಕಾದ ಕಡೆ. ಒಂದಂತೂ 266 ದಿನಗಳಲ್ಲಿ 13,237 ಕಿ.ಮೀ. ಈಜಿ ಮೊಜಾಂಬಿಕ್ ಮುಟ್ಟಿತು! ಆದರೆ ಈ ವಿವರವೆಲ್ಲ ಸಿಕ್ಕಿದ್ದು ಆಮೆ ಉಸಿರಿಗೆಂದು ಮೇಲೆ ಬಂದ ಗಳಿಗೆಗಳಲ್ಲಿ ಮಾತ್ರ. 1,000 ಮೀಟರಿಗೂ ಆಳಕ್ಕೆ ಇಳಿಯಬಲ್ಲ ಈ ಜೀವ ಮುಳುಗಿದ ಕೂಡಲೇ ಸಂಕೇತ ನಿಂತುಹೋಗುತ್ತದೆ. ಮೀನುಗಳದ್ದು ಇನ್ನೂ ಕಷ್ಟ. ಅವು ಮೇಲೆ ಬರಬೇಕೆಂದೇ ಇಲ್ಲ.

ಹಾಗಾಗಿ ನೀರಿನಡಿ ಸದ್ದನ್ನೇ ನೆಚ್ಚಿಕೊಳ್ಳಬೇಕು. ಅಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ, ಗಾಳಿಯಲ್ಲಿನ ನಾಲ್ಕು ಪಟ್ಟಿಗೂ ಹೆಚ್ಚು. ಪ್ರಾಣಿಗೆ ಹಾಕಿದ ಟ್ಯಾಗ್ ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸುತ್ತದೆ, ಹೈಡ್ರೋಫೋನ್ ಎಂಬ ನೀರಿನಡಿಯ ಮೈಕ್ ಅದನ್ನು ಹಿಡಿಯುತ್ತದೆ. ಒಂದೇ ಕಡೆ ನೆಟ್ಟ ಹೈಡ್ರೋಫೋನಿಗೆ ಪ್ರಾಣಿ ದೂರ ಸರಿದರೆ ಏನೂ ಕೇಳಿಸದು. ಪ್ರಾಣಿಯ ಜೊತೆ ಅದೂ ಹೊರಡಬೇಕು.

2013ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದ ಬಳಿ ಮಾಡಿದ್ದು ಅದನ್ನೇ. ರೀಮಸ್ ಎಂಬ ಚಾಲಕರಹಿತ ನೌಕೆಗೆ ಕ್ಯಾಮೆರಾಗಳನ್ನು ಕಟ್ಟಿ ಬಿಳಿ ಶಾರ್ಕ್‌ಗಳ ಹಿಂದೆ ಬಿಟ್ಟರು. ನೌಕೆ ಸದ್ದು ಮಾಡಿ ಕೇಳುತ್ತದೆ, ಶಾರ್ಕ್ ಮೇಲಿನ ಟ್ಯಾಗ್ ಸದ್ದಿನಲ್ಲೇ ಉತ್ತರಿಸುತ್ತದೆ. ಉತ್ತರಕ್ಕೆ ಹಿಡಿದ ಹೊತ್ತಿನಿಂದ ದೂರವನ್ನೂ ಅದು ಬಂದ ಕಡೆಯಿಂದ ದಿಕ್ಕನ್ನೂ ಲೆಕ್ಕಹಾಕಿ ನೌಕೆ ತಾನೇ ತಿರುಗುತ್ತದೆ. ಕೊನೆಗೆ ಶಾರ್ಕ್‌ಗಳು ಕೆಳಗಿನ ಕತ್ತಲಿನಿಂದ ನುಗ್ಗಿ ನೌಕೆಯನ್ನೇ ಕಚ್ಚಿದವು. ಅವು ಆಳದಲ್ಲಿ ಬೇಟೆಗೆ ಎರಗುವ ಬಗೆ ಹೀಗೆ ಕ್ಯಾಮೆರಾಕ್ಕೆ ಸಿಕ್ಕಿತು. ದಡದಲ್ಲಿ ಕೂತು ಎಷ್ಟು ವರ್ಷ ಕಾದರೂ ಕಾಣದ ನೋಟವದು.

ಬ್ಯಾಟರಿ ನೆಚ್ಚಿದ ಇಂಥ ನೌಕೆ ಸಾಗರ ದಾಟುವ ಆಮೆಯ ಜೊತೆ ಹೋಗಲಾರದು. ಅಲೆಗಳ ಬಲದಿಂದಲೇ ಸಾಗುವ ವೇವ್ ಗ್ಲೈಡರ್ ತಿಂಗಳುಗಟ್ಟಲೆ ನೀರಿನ ಮೇಲಿರಬಲ್ಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾರ್ಬರಾ ಬ್ಲಾಕ್ ಅವರ ತಂಡ 2012ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಟ್ಯಾಗ್ ಹಾಕಿದ ಶಾರ್ಕ್‌ಗಳ ಸದ್ದಿಗಾಗಿ ಅದನ್ನು ಇಳಿಸಿತು. ನಮ್ಮಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ‘ಮಾಯಾ’ ಎಂಬ ಪುಟ್ಟ ಸ್ವಯಂಚಾಲಿತ ನೌಕೆಯನ್ನು ಆಗಲೇ ತಯಾರಿಸಿದೆ. ಅಂಡಮಾನಿನ ಆಮೆಗಳು ಎರಡು ಉಸಿರುಗಳ ನಡುವೆ ಎಲ್ಲಿ ಏನು ಮೇಯುತ್ತವೆ ಎಂದು ತಿಳಿಯಲು ಇಂಥ ನೌಕೆಗಳು ಆ ನೀರಿಗೂ ಇಳಿಯಬೇಕು.