ಚೌಡಿಕೆ ಹಾಡಿನ ಮ್ಯೂಸಿಕ್ ವಿಡಿಯೋ: ಹಾಡು ಯಾರದು, ಮುಖ ಯಾರದು, ದುಡ್ಡು ಯಾರದು?

ಪತ್ರಿಕೋದ್ಯಮ ಅಥವಾ ಮೀಡಿಯಾ ಕೋರ್ಸ್ ಓದುವವರಿಗೆ ಮ್ಯೂಸಿಕ್ ವಿಡಿಯೋ ಈಗ ಅಪರೂಪದ ಪ್ರಾಜೆಕ್ಟ್ ಏನಲ್ಲ. ಮೂರ್ನಾಲ್ಕು ನಿಮಿಷದ ಒಂದು ಹಾಡು, ನಾಲ್ಕೈದು ಜನರ ತಂಡ, ಒಂದು ಒಳ್ಳೆಯ ಮೊಬೈಲ್ ಇದ್ದರೆ ಸಾಕು, ಕೆಲಸ ನಡೆಯುತ್ತೆ. ಶಾಟ್ ಇಡೋದು, ಬೆಳಕು ನೋಡೋದು, ಹಾಡಿನ ಪೆಟ್ಟಿಗೆ ಸರಿಯಾಗಿ ಕಟ್ ಮಾಡೋದು, ಹೀಗೆ ಹಲವು ವಿದ್ಯೆಯನ್ನು ಒಂದೇ ಕೆಲಸದಲ್ಲಿ ಕಲಿಸಬಹುದು ಅನ್ನೋದು ಮೇಷ್ಟ್ರುಗಳ ಲೆಕ್ಕ. ಹುಡುಗರಿಗೂ ಇಷ್ಟ, ಯಾಕಂದ್ರೆ ಇಪ್ಪತ್ತು ಪುಟದ ಅಸೈನ್‌ಮೆಂಟ್ ಯಾರೂ ಓದಲ್ಲ, ವಿಡಿಯೋ ಆದರೆ ಊರೆಲ್ಲ ನೋಡುತ್ತೆ.

ಹಾಗೆ ಊರೆಲ್ಲ ನೋಡುವುದರಲ್ಲೇ ಒಂದಿಷ್ಟು ಪ್ರಶ್ನೆಗಳೂ ಇವೆ. ಹಾಡು ಯಾರದು? ತೆರೆಯ ಮೇಲೆ ಬರುವ ಮುಖ ಯಾರದು, ಆಕೆಯನ್ನು ಕೇಳಿದ್ದೀರಾ? ನಾಳೆ ಇದರಿಂದ ದುಡ್ಡು ಬಂದರೆ ಯಾರಿಗೆ? ಕ್ಯಾಮೆರಾ, ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆ ಕಲಿಸುವಷ್ಟೇ ಗಂಭೀರವಾಗಿ ಇವನ್ನೂ ಕಲಿಸಬೇಕು, ಇವಕ್ಕೂ ಅಂಕ ಇಡಬೇಕು. ಅದು ಯಾಕೆ ಅಂತ ಬೆಳಗಾವಿ ಜಿಲ್ಲೆಯ ಗಡಿ ಭಾಗದ ಉದಾಹರಣೆ ಇಟ್ಟುಕೊಂಡು ನೋಡೋಣ.

ಯಾಕೆ ಕೊಕಟನೂರ?

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಯುವಕರಿಗೆ ಮ್ಯೂಸಿಕ್ ವಿಡಿಯೋ ಅಂದ್ರೆ ದೂರದ ಗಾಂಧಿನಗರದ ಮಾತಲ್ಲ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಅವರ ಡ್ರೈವರ್-ಲವ್ವರ್ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿದ್ದು ಎಲ್ಲರಿಗೂ ಗೊತ್ತು. 'ಉತ್ತರ ಕರ್ನಾಟಕ ಜಾನಪದ' ಎಂಬ ಹಣೆಪಟ್ಟಿಯಲ್ಲಿ ಬರುವ ಈ ಹಾಡುಗಳಲ್ಲಿ ಬಹುಪಾಲು ನಮ್ಮ ಕಾಲದವರೇ ಬರೆದು, ಹಾಡಿ, ಊರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದವು. ಅವಕ್ಕೆ ಕವಿ ಇದ್ದಾರೆ, ಗಾಯಕರಿದ್ದಾರೆ, ಮಾಲೀಕರೂ ಇದ್ದಾರೆ.

ಅದೇ ಅಥಣಿ ತಾಲ್ಲೂಕಿನ ಕೊಕಟನೂರಿಗೆ ಬಂದರೆ ಬೇರೆ ಬಗೆಯ ಹಾಡು ಸಿಗುತ್ತೆ. ಇಲ್ಲಿನ ಯಲ್ಲಮ್ಮನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ. ಯಲ್ಲಮ್ಮನ ಪರಂಪರೆಯ ಹಾಡು ಅಂದ್ರೆ ಚೌಡಿಕೆ ಪದ. ಚೌಡಿಕೆ ಒಂದೇ ತಂತಿಯ ವಾದ್ಯ. ಒಂದು ಬದಿಗೆ ಚರ್ಮ ಬಿಗಿದ ಕೊಳವೆಯಂಥ ಒಡಲನ್ನು ಕಂಕುಳಲ್ಲಿ ಅವುಚಿಕೊಂಡು, ತಂತಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಮೀಟುತ್ತಾರೆ. ಜೊತೆಗೆ ಶ್ರುತಿ, ತಾಳ. ಜೋಗವ್ವಗಳು, ಜೋಗಪ್ಪಗಳು ರೇಣುಕೆ, ಜಮದಗ್ನಿ, ಪರಶುರಾಮರ ಕತೆಯನ್ನು ಹಾಡಿಕೊಂಡು ಬಂದದ್ದು ಹೀಗೆ. ಈ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಈಗ ಮೀಡಿಯಾ ಕೋರ್ಸಿನ ಒಂದು ತಂಡ, 'ಸಿನಿಮಾ ಹಾಡಿಗೆ ತುಟಿ ಆಡಿಸೋದು ಬೇಡ, ನಮ್ಮ ಕಡೆ ಹಾಡು ಮಾಡೋಣ' ಅಂತ ಚೌಡಿಕೆ ಪದವನ್ನು ಆರಿಸಿಕೊಂಡಿತು ಅನ್ನಿ. ಒಳ್ಳೆಯ ಆಯ್ಕೆ. ಆದರೆ ಇದು ಸುಲಭದ ಆಯ್ಕೆ ಅಲ್ಲ.

ಹಾಡು ಯಾರದು?

ಮೊದಲು ಸಿನಿಮಾ ಹಾಡಿನ ಲೆಕ್ಕ ನೋಡೋಣ. ಒಂದು ಹಾಡಿನಲ್ಲಿ ಕನಿಷ್ಠ ಮೂರು ಹಕ್ಕುಗಳಿರುತ್ತವೆ: ಸಾಹಿತ್ಯದ್ದು, ರಾಗ ಸಂಯೋಜನೆಯದು, ರೆಕಾರ್ಡಿಂಗಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಅದನ್ನು ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ.

ಹಾಗಾದರೆ ವಿದ್ಯಾರ್ಥಿಗಳು ಮುಟ್ಟಲೇಬಾರದಾ? ಹಾಗಿಲ್ಲ. ಅದೇ ಕಾಯ್ದೆಯ 52ನೇ ಕಲಂ ಪಾಠದ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಮಾಡುವ ಬಳಕೆಗೆ ವಿನಾಯಿತಿ ಕೊಡುತ್ತದೆ. ಕಾಲೇಜಿನ ಚಟುವಟಿಕೆಯಲ್ಲಿ ಸಿನಿಮಾ ಅಥವಾ ರೆಕಾರ್ಡಿಂಗ್ ಹಾಕಬಹುದು, ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 'ಪಾಠದ ಭಾಗ' ಅನ್ನೋದನ್ನು ವಿಶಾಲವಾಗಿಯೇ ಅರ್ಥೈಸಿತು. ಪ್ರಕಾಶಕರ ಲಾಭಕ್ಕಿಂತ ಕಲಿಯುವವರ ಅಗತ್ಯವನ್ನು ಎತ್ತಿಹಿಡಿದ ತೀರ್ಪು ಅದು. ಆದರೆ ಕ್ಲಾಸಿನಲ್ಲಿ ತೋರಿಸಿದ ವಿಡಿಯೋವನ್ನು ಯೂಟ್ಯೂಬಿಗೋ ಇನ್‌ಸ್ಟಾಗ್ರಾಮಿಗೋ ಹಾಕಿದರೆ 'ಪಾಠಕ್ಕಾಗಿ ಮಾಡಿದ್ದು' ಅನ್ನುವ ಮಾತಿಗೆ ಬಲ ಉಳಿಯಲ್ಲ.

ಚೌಡಿಕೆ ಪದದ ಲೆಕ್ಕ ಬೇರೆ. ಬರೆದವರು ಯಾರೆಂದು ಗೊತ್ತಿಲ್ಲದೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದಕ್ಕೆ ಕೃತಿಸ್ವಾಮ್ಯ ಇರಲ್ಲ. 'ಜಾನಪದ, ಅಂದ್ರೆ ಎಲ್ಲಾರದೂ' ಎಂದು ತಂಡ ನಿರಾಳವಾಗಿ ಬಿಡುವುದು ಇಲ್ಲೇ. ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಪದ ಎಲ್ಲರದ್ದಾದರೂ ಅದನ್ನು ನಿಮ್ಮ ಮುಂದೆ ಕೂತು ಹಾಡಿದ ಆ ಹಾಡಿಕೆ ಅವಳದು.

ಹಾಡಿದವಳ ಹಕ್ಕು

ಕಾಯ್ದೆಯಲ್ಲಿ 'ಪ್ರದರ್ಶಕರ ಹಕ್ಕು' ಅಂತ ಒಂದಿದೆ, 38ನೇ ಕಲಂ. ಪ್ರದರ್ಶಕರು ಯಾರು ಎಂಬ ಪಟ್ಟಿಯಲ್ಲಿ ನಟರು, ಗಾಯಕರು, ನರ್ತಕರ ಜೊತೆಗೆ ಹಾವಾಡಿಗರನ್ನೂ ಹೆಸರಿಸಲಾಗಿದೆ. ಅಂದರೆ ಬೀದಿಯಲ್ಲಿ, ಜಾತ್ರೆಯಲ್ಲಿ ಕಲೆ ತೋರಿಸುವವರನ್ನು ಕಾನೂನು ಹೊರಗಿಟ್ಟಿಲ್ಲ. ಚೌಡಿಕೆ ಹಾಡುವ ಜೋಗವ್ವಗೂ ಈ ಹಕ್ಕಿದೆ, ಅದು 50 ವರ್ಷ ಇರುತ್ತೆ. ಆಕೆಯ ಹಾಡಿಕೆಯನ್ನು ರೆಕಾರ್ಡ್ ಮಾಡಲು, ಸಾರ್ವಜನಿಕರಿಗೆ ತಲುಪಿಸಲು ಅನುಮತಿ ಬೇಕು. ಕೇವಲ ಕಲಿಕೆ, ಸಂಶೋಧನೆಗೆ ರೆಕಾರ್ಡ್ ಮಾಡುವುದಕ್ಕೆ ವಿನಾಯಿತಿ ಇದೆ. ಇಲ್ಲೂ ಗೆರೆ ಅದೇ: ಕ್ಲಾಸಿನೊಳಗೆ ಸರಿ, ಆನ್‌ಲೈನಿಗೆ ಹೋದರೆ ಕೇಳಲೇಬೇಕು.

2012ರ ತಿದ್ದುಪಡಿ ಇನ್ನೂ ಎರಡು ಮುಖ್ಯ ಅಂಶ ಸೇರಿಸಿತು. ಒಂದು, ತನ್ನ ಹೆಸರು ಹಾಕಿ ಅನ್ನುವ ಹಕ್ಕು ಮತ್ತು ತನ್ನ ಗೌರವಕ್ಕೆ ಧಕ್ಕೆ ಬರುವಂತೆ ಹಾಡಿಕೆಯನ್ನು ತಿರುಚಿದರೆ ತಡೆಯುವ ಹಕ್ಕು. ಇನ್ನೊಂದು, ವಿಡಿಯೋಗೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೂ ಅದನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಪಡೆಯುವ ಹಕ್ಕು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಚಿತ್ರದಲ್ಲಿ ಹಾಗೇ ಬಂದುಹೋಗುವವರು, ಕ್ರೆಡಿಟ್ಸಿನಲ್ಲೂ ಹೆಸರಿಲ್ಲದವರು, ಈ ಹಕ್ಕುಗಳಲ್ಲಿ ಹೆಚ್ಚಿನವನ್ನು ಕಳೆದುಕೊಳ್ಳುತ್ತಾರೆ. ಕೊನೆಯಲ್ಲಿ 'ಹಾಡಿದವರು' ಎಂದು ಹೆಸರು ಹಾಕದೆ 'ಸ್ಥಳೀಯ ಕಲಾವಿದರು' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುವ ಅಭ್ಯಾಸ ಎಷ್ಟು ದುಬಾರಿ ನೋಡಿ. ಕ್ಯಾಮೆರಾ, ಎಡಿಟಿಂಗ್, ಡ್ರೋನ್, ಪ್ರೊಡಕ್ಷನ್ ಅಸಿಸ್ಟೆಂಟ್ ಎಲ್ಲರ ಹೆಸರೂ ಇರುತ್ತೆ, ಹಾಡಿದವಳದ್ದು ಮಾತ್ರ ಇರಲ್ಲ. ಯಾರ ಶ್ರಮಕ್ಕೆ ಹೆಸರು, ಯಾರ ಶ್ರಮಕ್ಕೆ ಇಲ್ಲ ಅನ್ನೋದು ನಮ್ಮ ಊರುಗಳಲ್ಲಿ ಜಾತಿಯ ಪ್ರಶ್ನೆಯೂ ಹೌದು.

ಮುಖ ಯಾರದು?

ಯಲ್ಲಮ್ಮನ ಹಾಡಿನ ಜೊತೆಗೆ ದೇವದಾಸಿ ಪದ್ಧತಿಯ ಚರಿತ್ರೆಯೂ ಬರುತ್ತದೆ. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ಅಪರಾಧ ಮಾಡಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಇವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಚೌಡಿಕೆ ಹಾಡುವ ಎಲ್ಲರೂ ದೇವದಾಸಿಯರಲ್ಲ, ಆದರೆ ನೋಡುವವರ ಕಣ್ಣು ಆ ವ್ಯತ್ಯಾಸ ಮಾಡಲ್ಲ. ಬಂಡಾರ ಹಚ್ಚಿಕೊಂಡ, ಕೊರಳಲ್ಲಿ ಮುತ್ತಿರುವ ಒಬ್ಬ ಹೆಣ್ಣುಮಗಳ ಕ್ಲೋಸಪ್ ರೀಲ್ಸ್ ಆಗಿ ಹರಿದಾಡಿದರೆ ಕಾಮೆಂಟಿನಲ್ಲಿ ಏನೇನು ಬರುತ್ತೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಕೆಯ ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿ ಓದುತ್ತಿರಬಹುದು. ಮಗನ ಮದುವೆ ಮಾತುಕತೆ ನಡೆದಿರಬಹುದು.

ಇದು ಬರೀ ಊಹೆ ಅಲ್ಲ. 2010ರಲ್ಲಿ ವೈಸ್ ಸಂಸ್ಥೆಯ ಆನ್‌ಲೈನ್ ವಾಹಿನಿಯಲ್ಲಿ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಸಾಕ್ಷ್ಯಚಿತ್ರ ಬಂತು. ವಿಷಯ ದೇವದಾಸಿಯರು. ಕೊಕಟನೂರಿನಿಂದ ಗಡಿ ದಾಟಿದರೆ ಸಿಗುವ ಸಾಂಗ್ಲಿಯ ಮಹಿಳೆಯರೂ ಅದರಲ್ಲಿದ್ದರು. ಚಿತ್ರ ನೋಡಿದ ಮೇಲೆ ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ವ್ಯಾಂಪ್ ಸುಮ್ಮನಿರಲಿಲ್ಲ. ತಮ್ಮ ಬದುಕನ್ನು ತಿರುಚಿ ತೋರಿಸಲಾಗಿದೆ, ತಮ್ಮ ನಂಬಿಕೆಗೆ ದ್ರೋಹವಾಗಿದೆ ಎಂದು ಆ ಮಹಿಳೆಯರೇ ಕ್ಯಾಮೆರಾ ಮುಂದೆ ಕೂತು ಉತ್ತರದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಹಾಗೆ ತಿರುಗಿ ಮಾತಾಡಲು ಅವರ ಹಿಂದೆ ಒಂದು ಸಂಘಟನೆ ಇತ್ತು. ಕಾಲೇಜು ಹುಡುಗರ ವಿಡಿಯೋದಲ್ಲಿ ಬರುವ ಒಬ್ಬಂಟಿ ಜೋಗವ್ವಗೆ ಅದು ಇರಲಿಕ್ಕಿಲ್ಲ.

ಹಾಗಾಗಿ ಒಪ್ಪಿಗೆ ಅಂದ್ರೆ 'ಯವ್ವಾ, ಒಂದ್ ವಿಡಿಯೋ ಮಾಡ್ಕೋತೀವಿ' ಅಂತ ಕೇಳಿ, ಅವಳು 'ಮಾಡ್ಕೋರಿ ಬಿಡ್ರಿ' ಅಂದದ್ದಲ್ಲ. ಅವಳು ಯಾವುದಕ್ಕೆ ಹೂಂ ಅಂದಳು? ಕಾಲೇಜಿನಲ್ಲಿ ತೋರಿಸೋದಕ್ಕಾ, ಫೋನ್ ಇದ್ದವರೆಲ್ಲ ನೋಡೋದಕ್ಕಾ? ಮುಖ ತೋರಿಸೋದಕ್ಕಾ, ಬರೀ ದನಿಗಾ? ಊರಿನ ಹೆಸರು ಹಾಕೋದಕ್ಕಾ? ಇವನ್ನು ಬಿಡಿಬಿಡಿಯಾಗಿ ಕೇಳಬೇಕು. ಓದು ಬರದವರಾದರೆ ಕನ್ನಡದಲ್ಲೋ ಮರಾಠಿಯಲ್ಲೋ ಅವರ ಮಾತಿನಲ್ಲೇ ವಿವರಿಸಿ, ಅವರ ಉತ್ತರವನ್ನು ರೆಕಾರ್ಡ್ ಮಾಡಿಕೊಳ್ಳಬಹುದು. ಪ್ರಸಾರಕ್ಕೆ ಬೇಕಾದ ಲಿಖಿತ ಒಪ್ಪಿಗೆಯನ್ನು ಅವರು ನಂಬುವ ಒಬ್ಬರ ಎದುರು ಓದಿ ಹೇಳಿಯೇ ಪಡೆಯಬೇಕು. ಮಕ್ಕಳ ಮುಖವನ್ನಂತೂ ಇಂಥ ವಿಡಿಯೋದಿಂದ ಪೂರ್ತಿ ದೂರ ಇಡೋದೇ ಸರಿ.

ಶೂಟಿಂಗ್, ಎಡಿಟಿಂಗಿನಲ್ಲೂ ಇದೇ ಪ್ರಶ್ನೆ

ಸಾಮಾನ್ಯ ಮ್ಯೂಸಿಕ್ ವಿಡಿಯೋದಲ್ಲಿ ಮೊದಲೇ ರೆಕಾರ್ಡ್ ಆದ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ಕಲಾವಿದರಿಂದ ತುಟಿ ಆಡಿಸುತ್ತಾರೆ. ಚೌಡಿಕೆಗೆ ಇದು ಒಗ್ಗಲ್ಲ. ಅಲ್ಲಿ ಲಯ ಕಂಪ್ಯೂಟರಿನ ತಾಳದ ಮೇಲಲ್ಲ, ಹಾಡುವವಳ ಉಸಿರಿನ ಮೇಲೆ ನಿಂತಿರುತ್ತೆ. ಒಮ್ಮೆ ಹಾಡಿದಷ್ಟೇ ವೇಗದಲ್ಲಿ ಇನ್ನೊಮ್ಮೆ ಹಾಡುತ್ತಾಳೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಇಡೀ ಹಾಡನ್ನು ಒಂದೇ ಸಲ ನೇರವಾಗಿ ರೆಕಾರ್ಡ್ ಮಾಡಿ, ಆ ಧ್ವನಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಎರಡು ಮೂರು ಮೊಬೈಲ್ ಒಟ್ಟಿಗೆ ಓಡಿಸಿ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗಿನಲ್ಲಿ ಎಲ್ಲವನ್ನೂ ಆ ಸದ್ದಿಗೆ ಹೊಂದಿಸಬಹುದು.

ಎರಡು ತಾಂತ್ರಿಕ ಮಾತು. ಎಷ್ಟೋ ಮೊಬೈಲುಗಳು ಫ್ರೇಮ್ ವೇಗವನ್ನು ತಾವಾಗಿ ಬದಲಿಸುತ್ತಾ ಹೋಗುತ್ತವೆ, ಇದರಿಂದ ಹಾಡು ಮುಗಿಯುವಷ್ಟರಲ್ಲಿ ತುಟಿಗೂ ದನಿಗೂ ತಾಳೆ ತಪ್ಪಬಹುದು. ಫ್ರೇಮ್ ವೇಗವನ್ನು ಸ್ಥಿರವಾಗಿ ಇಡುವ ಕ್ಯಾಮೆರಾ ಆ್ಯಪ್ ಬಳಸಿದರೆ ಈ ತೊಂದರೆ ತಪ್ಪುತ್ತೆ. ಇನ್ನು ನಮ್ಮ ಕರೆಂಟು 50 ಹರ್ಟ್ಸ್. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಶೂಟ್ ಮಾಡುವಾಗ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ದೀಪ ಮಿನುಗುವುದು ಕಡಿಮೆ.

ಎಡಿಟಿಂಗಿನಲ್ಲಿ ಆಸೆ ಹುಟ್ಟುವುದು ಡಿಜೆ ಬೀಟ್ ಸೇರಿಸಲು. ಸೇರಿಸಬಾರದು ಅಂತ ನಿಯಮ ಏನಿಲ್ಲ. ಕೆಲವು ಕಲಾವಿದರು ಖುಷಿಯಿಂದ ಒಪ್ಪಬಹುದು. ಆದರೆ ಭಕ್ತಿಯಿಂದ ಹಾಡಿದ ಪದವನ್ನು ಕೇಳದೇ ಕುಣಿತದ ಹಾಡು ಮಾಡಿದರೆ, ಮೇಲೆ ಹೇಳಿದ ತಿರುಚುವಿಕೆಯ ಪ್ರಶ್ನೆ ಅಲ್ಲೇ ಎದುರಾಗುತ್ತೆ.

ಅಪ್‌ಲೋಡ್ ಆದ ಮೇಲೆ

ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ನಿಮ್ಮ ವಿಡಿಯೋವನ್ನು ಕಂಪನಿಗಳು ಕೊಟ್ಟಿರುವ ರೆಕಾರ್ಡಿಂಗುಗಳ ಜೊತೆ ತಾನೇ ಹೋಲಿಸುತ್ತದೆ. ಹೊಂದಿಕೆ ಸಿಕ್ಕರೆ 'ಕ್ಲೇಮ್' ಬರುತ್ತೆ. ಆಗ ವಿಡಿಯೋ ಉಳಿಯಬಹುದು, ಜಾಹೀರಾತಿನ ದುಡ್ಡು ಕ್ಲೇಮ್ ಮಾಡಿದವರಿಗೆ ಹೋಗಬಹುದು. 'ಸ್ಟ್ರೈಕ್' ಬೇರೆ. ಅದು ವಿಡಿಯೋ ತೆಗೆಸುವ ಕಾನೂನು ಕೋರಿಕೆ. 90 ದಿನದಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಈ ವ್ಯವಸ್ಥೆ ರಾಗವನ್ನೂ ಹೋಲಿಸಬಲ್ಲದು. ಹಾಗಾಗಿ ಯಾವುದೋ ಆಡಿಯೋ ಕಂಪನಿ ಅದೇ ಸಾಂಪ್ರದಾಯಿಕ ಧಾಟಿಯ ಹಾಡನ್ನು ನೋಂದಾಯಿಸಿದ್ದರೆ, ಜೋಗವ್ವ ತನ್ನ ಅಜ್ಜಿಯಿಂದ ಕಲಿತ ಪದದ ಮೇಲೂ ಕ್ಲೇಮ್ ಬೀಳುವ ಸಾಧ್ಯತೆ ಇದೆ. ಹೆದರಿ ಡಿಲೀಟ್ ಮಾಡಬೇಕಿಲ್ಲ. ಇದು ಪರಂಪರೆಯ ಪದ, ರೆಕಾರ್ಡಿಂಗ್ ನಮ್ಮದೇ ಎಂದು ಆಕ್ಷೇಪ ಸಲ್ಲಿಸಬಹುದು. ಉತ್ತರಿಸಲು ಅವರಿಗೆ 30 ದಿನ ಇರುತ್ತೆ. ನಿಮ್ಮ ಬಳಿ ಶೂಟಿಂಗಿನ ಮೂಲ ಫೈಲು ಮತ್ತು ಒಪ್ಪಿಗೆ ಪತ್ರ ಇದ್ದರೆ ವಾದ ಗಟ್ಟಿ.

ದುಡ್ಡಿನ ಮಾತೂ ಮೊದಲೇ ಆಗಲಿ. ಜಾಹೀರಾತಿನ ಪಾಲು ಸಿಗಲು ಚಾನೆಲ್ಲಿಗೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕ. ವಿದ್ಯಾರ್ಥಿಗಳ ಹೊಸ ಚಾನೆಲ್ಲಿಗೆ ಒಂದು ಪೈಸೆಯೂ ಬರದಿರಬಹುದು. ಆದರೆ ಯಾವ ಹಾಡು ಯಾವಾಗ ಓಡುತ್ತೆ ಅಂತ ಹೇಳೋಕಾಗಲ್ಲ ಅನ್ನೋದನ್ನು ಈ ಸೀಮೆಯೇ ತೋರಿಸಿದೆ. 'ಬಂದರೆ ಇಷ್ಟು ಪಾಲು ಹಾಡಿದವರಿಗೆ' ಅಂತ ಒಂದು ಸಾಲು ಬರೆದಿಡಲು ಏನೂ ಖರ್ಚಿಲ್ಲ. ಶೂಟಿಂಗಿನ ದಿನ ಆಕೆಯ ಕೂಲಿ ತಪ್ಪಿದ್ದರೆ ಅದನ್ನು ತುಂಬಿಕೊಡುವುದು ತಂಡದ ಬಜೆಟ್ಟಿನಲ್ಲಿ ಮೊದಲ ಬಾಬ್ತು ಆಗಬೇಕು.

ಅಂಕ ಎಲ್ಲಿ ಇಡಬೇಕು?

ಕಾಲೇಜುಗಳು ಸುಲಭವಾಗಿ ಮಾಡಬಹುದಾದ ಕೆಲಸ ಇದೆ. ಪ್ರಾಜೆಕ್ಟಿನ ಜೊತೆ ಒಪ್ಪಿಗೆ ಪತ್ರ, ಹಾಡಿನ ಮೂಲದ ಟಿಪ್ಪಣಿ, ಹಾಡಿದವರ ಹೆಸರಿರುವ ಕ್ರೆಡಿಟ್ಸ್ ಕಡ್ಡಾಯ ಮಾಡಲಿ, ನೂರಕ್ಕೆ ಇಪ್ಪತ್ತು ಅಂಕ ಅದಕ್ಕೇ ಇಡಲಿ. ಆನ್‌ಲೈನಿಗೆ ಹಾಕುವುದನ್ನು ಕಡ್ಡಾಯ ಮಾಡದಿರಲಿ. ಎಷ್ಟು ವ್ಯೂಸ್ ಬಂತು ಅಂತ ನೋಡಿ ಅಂಕ ಕೊಡುವುದು ಬೇಡವೇ ಬೇಡ, ಅದು ಒಪ್ಪಿಗೆಯ ಗೆರೆ ದಾಟಲು ಕೊಡುವ ಆಮಿಷ.

ವಿದ್ಯಾರ್ಥಿಗಳು ಮಾಡಬೇಕಾದ್ದೂ ಒಂದಿದೆ. ಎಡಿಟ್ ಮುಗಿದ ಮೇಲೆ, ಸಬ್ಮಿಟ್ ಮಾಡುವ ಮೊದಲು, ಮೊಬೈಲ್ ಹಿಡಿದುಕೊಂಡು ಹಾಡಿದವಳ ಮನೆಗೆ ಮತ್ತೊಮ್ಮೆ ಹೋಗಿ ತೋರಿಸಿ. 'ಇದೊಂದು ತೆಗೀರಪ್ಪಾ' ಅಂದರೆ ತೆಗೆಯಿರಿ, ಅದು ನಿಮ್ಮ ಅತ್ಯುತ್ತಮ ಶಾಟ್ ಆಗಿದ್ದರೂ ಸರಿ.