ಎಣಿಕೆ ಸರಿ ಇತ್ತು, ಹೆಸರು ತಪ್ಪಿತ್ತು

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ಬೆಳಗಾವಿಯಿಂದ ಗೋವಾ ಬಸ್ ಹತ್ತಿದೆ. ‘ಮಜಾ ಮಾಡಲೇ’ ಎಂದು ಹಾಸ್ಟೆಲ್ ಗೆಳೆಯರು ಬೆನ್ನು ತಟ್ಟಿದರು. ಆದರೆ ನಾನು ಹೊರಟಿದ್ದು ಮಜಾ ಮಾಡಲು ಬಂದವರ ಸೂಟ್‌ಕೇಸ್ ಎಣಿಸಲು. ಎರಡು ತಿಂಗಳ ಮೆಸ್ ಬಿಲ್ ಬಾಕಿ ಇತ್ತು. ಅಪ್ಪನನ್ನು ಮತ್ತೆ ಕೇಳಲು ಮುಖವಿರಲಿಲ್ಲ.

ನನ್ನ ಸೋದರಮಾವ ಬಾದಾಮಿ ಕಡೆಯಿಂದ ವಾಸ್ಕೋಗೆ ಹೋಗಿ ಹದಿನೆಂಟು ವರ್ಷವಾಯಿತು. ಅಲ್ಲಿ ಪ್ರವಾಸಿ ಕೋಚ್ ಓಡಿಸುತ್ತಾರೆ. ‘ಹುಡುಗ ನಮ್ಮ ಅಕ್ಕನ ಮಗ, ಎಂಜಿನಿಯರಿಂಗ್ ಓದ್ತಾನ, ಲೆಕ್ಕ ತಪ್ಪಂಗಿಲ್ಲ’ ಎಂದು ಅವರೇ ಜವಾಬ್ದಾರಿ ಹೊತ್ತು ನನಗೆ ಕೆಲಸ ಕೊಡಿಸಿದ್ದರು. ದಿನಕ್ಕೆ 800 ರೂಪಾಯಿ.

ಗೋವಾಕ್ಕೆ ಚಾರ್ಟರ್ ವಿಮಾನಗಳು ಬರತೊಡಗಿದ್ದು 1980ರ ದಶಕದಲ್ಲಿ. ಅಕ್ಟೋಬರ್‌ನಿಂದ ಮಾರ್ಚ್‌–ಏಪ್ರಿಲ್‌ವರೆಗೆ ಇವುಗಳ ಸೀಸನ್. ತಮ್ಮೂರಿನ ಚಳಿ ತಪ್ಪಿಸಿಕೊಂಡು ಬರುವ ಜನ ವಿಮಾನ, ಹೋಟೆಲ್, ನಡುವಿನ ಬಸ್ಸು ಎಲ್ಲಕ್ಕೂ ಒಟ್ಟಿಗೇ ದುಡ್ಡು ಕಟ್ಟಿರುತ್ತಾರೆ. 2023ರ ಜನವರಿಯಲ್ಲಿ ಉತ್ತರ ಗೋವಾದ ಮೋಪಾದಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ನನ್ನ ಕೆಲಸ ಇದ್ದದ್ದು ನೌಕಾಪಡೆಯ ನೆಲೆಯೊಳಗಿರುವ ಹಳೆಯ ದಾಬೋಲಿಂನಲ್ಲಿ.

ಹೊರಗಿನಿಂದ ನೋಡಿದರೆ ಸುಲಭದ ಕೆಲಸ. ಒಂದೇ ವಿಮಾನದಲ್ಲಿ ಬಂದವರನ್ನು ಹೋಟೆಲ್ ಇರುವ ದಿಕ್ಕಿನಂತೆ ವಿಂಗಡಿಸಬೇಕು. ಕಾಂದೋಳಿ, ಕಲಂಗೂಟ್ ಕಡೆಯವರಿಗೆ ಒಂದು ಕೋಚ್. ಅದು ಝುವಾರಿ ಸೇತುವೆ ದಾಟಿ ಪಣಜಿ ಮೇಲೆ ಉತ್ತರಕ್ಕೆ ಹೋಗುತ್ತದೆ. ಕೊಲ್ವಾ, ವಾರ್ಕಾ ಕಡೆಯವರಿಗೆ ಇನ್ನೊಂದು. ಅದು ಮಡಗಾಂವ್ ಕಡೆ ದಕ್ಷಿಣಕ್ಕೆ. ಹೊರಬಾಗಿಲಲ್ಲಿ ಬೋರ್ಡ್ ಹಿಡಿದು ನಿಲ್ಲುವುದು, ಪಟ್ಟಿಯಲ್ಲಿ ಹೆಸರಿಗೆ ಟಿಕ್ ಹಾಕುವುದು, ಕೋಚ್ ನಂಬರ್ ಹೇಳುವುದು. ಮೊದಲು ಇಳಿಯುವವರ ಸೂಟ್‌ಕೇಸ್ ಡಿಕ್ಕಿಯಲ್ಲಿ ಕೊನೆಗೆ ಹೋಗಬೇಕು. ನಮ್ಮ ಡೇಟಾ ಸ್ಟ್ರಕ್ಚರ್ ಪುಸ್ತಕದ ‘ಸ್ಟ್ಯಾಕ್’ ಇದೇ ಅಲ್ಲವೇ ಎಂದು ಮೊದಲ ದಿನ ನಕ್ಕಿದ್ದೆ.

ಕಷ್ಟವಿರುವುದು ಕಾಯುವುದರಲ್ಲಿ. ಇಮಿಗ್ರೇಷನ್ ಸಾಲಿನಲ್ಲಿ ಒಬ್ಬರು ಸಿಕ್ಕಿಹಾಕಿಕೊಂಡರೆ ಉಳಿದ ನಲವತ್ತು ಜನ ಬಸ್ಸಿನಲ್ಲಿ ಕೂರಬೇಕು. ರಾತ್ರಿಯೆಲ್ಲಾ ವಿಮಾನದಲ್ಲಿ ಕೂತು ಬಂದವರು, ಮೈಮೇಲೆ ಚಳಿಗಾಲದ ಜಾಕೆಟ್ಟು, ಹೊರಗೆ ಗೋವಾದ ಬಿಸಿಲು. ಎಲ್ಲರ ಕಣ್ಣೂ ಪಟ್ಟಿ ಹಿಡಿದು ನಿಂತ ನನ್ನ ಮೇಲೆಯೇ.

ಆರನೇ ದಿನ ಬೆಳಿಗ್ಗೆ ರಷ್ಯಾದಿಂದ ಬಂದ ವಿಮಾನ. ನನ್ನ ಪಟ್ಟಿಯಲ್ಲಿ 41 ಹೆಸರು. ಮೂವತ್ತು ಹೆಸರಿಗೆ ಟಿಕ್ ಹಾಕುವಷ್ಟರಲ್ಲಿ ಒಂದೇ ಸಲ ಗುಂಪು ನುಗ್ಗಿತು. ನಾನು ಸೂಟ್‌ಕೇಸ್ ಎತ್ತಿಸಲು ಓಡಿದೆ. ವಾಪಸ್ ಬಂದು ಬಸ್ಸಿನೊಳಗೆ ತಲೆ ಎಣಿಸಿದರೆ ಸರಿಯಾಗಿ 41. ಖುಷಿಯಾಯಿತು. ಉಳಿದ ಹನ್ನೊಂದು ಹೆಸರಿಗೂ ಅಲ್ಲೇ ನಿಂತು ಸರಸರನೆ ಟಿಕ್ ಎಳೆದು, ‘ರೈಟ್ ಮಾಮಾ’ ಎಂದೆ.

ಬಾಂಬೋಳಿ ಹತ್ತಿರ ಬಂದಾಗ ಸೂಪರ್‌ವೈಸರ್ ಫೋನ್. ಕಾಂದೋಳಿಗೆ ಹೋಗಬೇಕಾದ ಒಬ್ಬ ಅಜ್ಜಿ ನಿಲ್ದಾಣದಲ್ಲಿ ಒಬ್ಬರೇ ನಿಂತಿದ್ದಾರೆ. ವಾರ್ಕಾ ಕೋಚ್‌ನಲ್ಲಿ ಒಬ್ಬರು ಕಡಿಮೆ. ಎದೆ ಧಸಕ್ಕೆಂದಿತು. ರಷ್ಯನ್ ಬಲ್ಲ ಗೈಡ್ ಮೈಕ್‌ನಲ್ಲಿ ಹೆಸರು ಕೂಗಿದರು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಒಬ್ಬರು ಕಣ್ಣುಜ್ಜುತ್ತಾ ಕೈ ಎತ್ತಿದರು. ಎರಡೂ ಬಿಳಿ ಕೋಚ್, ಪಕ್ಕಪಕ್ಕ ನಿಂತಿದ್ದವು. ಅವರು ಬಾಗಿಲು ತೆರೆದಿದ್ದ ನಮ್ಮದನ್ನು ಹತ್ತಿದ್ದರು. ಒಬ್ಬರು ಹೆಚ್ಚು, ಒಬ್ಬರು ಕಡಿಮೆ. ಎರಡು ತಪ್ಪು ಸೇರಿ ನನ್ನ ಲೆಕ್ಕವನ್ನು ಸರಿ ಮಾಡಿದ್ದವು.

ಜತೆಗಿದ್ದ ಸಹಾಯಕ ಹುಡುಗ ಮೆಲ್ಲಗೆ ಹಿಂದಿಯಲ್ಲಿ ಹೇಳಿದ: ‘ಅಜ್ಜಿ ಹತ್ತಿದ್ದರು, ಆಮೇಲೆ ಯಾರಿಗೂ ಹೇಳದೆ ಇಳಿದು ಹೋಗಿದ್ದಾರೆ ಅಂದುಬಿಡು. ಹೇಗೂ ಟಿಕ್ ಇದೆಯಲ್ಲ.’ ನನಗೂ ಅದೇ ಹೊಳೆದಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು, ಅಲ್ಲ ಎನ್ನುವವರು ಯಾರು? ಮಾವ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, ‘ಅಳಿಯಾ, ಆ ಅಮ್ಮನ್ನ ನೋಡಿ ಟಿಕ್ ಹಾಕಿದ್ದೇನ?’

‘ಇಲ್ಲ ಮಾಮಾ.’

‘ಮತ್ತ ಹಂಗ ಹೇಳು. ಬಸ್ ತಿರುಗಸಾಕ ಆಗಂಗಿಲ್ಲ. ಆದ್ರ ಸುಳ್ಳ ಹೇಳಿದ್ರ ಆಕಿ ಮ್ಯಾಲ ಬರ್ತೈತಿ.’

ಫೋನ್ ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಗುಳ ಸ್ವಲ್ಪವಲ್ಲ ಬಿದ್ದದ್ದು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ‘ನಿಮ್ಮ ಮಾವನ ಮಾತು ನಂಬಿ ತಗೊಂಡೆವು’ ಎಂಬ ಕೊನೆಯ ಮಾತು. ಅಜ್ಜಿಯನ್ನು ಕಾರಿನಲ್ಲಿ ಕಾಂದೋಳಿಗೆ ಕಳಿಸಿದರು, ಅದೇ ಕಾರು ಆ ಮನುಷ್ಯನನ್ನು ವಾರ್ಕಾಕ್ಕೆ ಒಯ್ದಿತು. ಬಾಡಿಗೆಗೆಂದು ನನ್ನ ನಾಲ್ಕು ದಿನದ ಪಗಾರ ಮುರಿದುಕೊಂಡರು. ಕೆಲಸ ಮಾತ್ರ ಉಳಿಯಿತು. ಅಜ್ಜಿ ಹೋಟೆಲ್ ಬಾಗಿಲಲ್ಲಿ ಕಾರಿಳಿದಾಗ ನಾನು ಅಲ್ಲೇ ಕಾಯುತ್ತಿದ್ದೆ. ಅವರು ನನ್ನತ್ತ ನೋಡಲೇ ಇಲ್ಲ. ನೋಡಿದ್ದರೂ ಯಾವ ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದೆನೋ ಗೊತ್ತಿಲ್ಲ.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಎಲ್ಲರೂ ಕೂತ ಮೇಲೆ ಪಟ್ಟಿ ಹಿಡಿದು ಸೀಟಿನಿಂದ ಸೀಟಿಗೆ ಹೋಗಿ, ಮುಖ ನೋಡಿ, ಹೋಟೆಲ್ ವೋಚರ್ ನೋಡಿ, ಆಮೇಲೆ ಟಿಕ್. ತಲೆ ಎಣಿಸುವುದು ಕೊನೆಗೆ. ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ.

ಹನ್ನೊಂದು ದಿನದ ನಂತರ ಅದೇ ತಂಡ ವಾಪಸ್ ಹೊರಡುವ ದಿನ. ಹಿಂದಿರುಗುವಾಗ ತಪ್ಪಿದರೆ ಹೋಗುವುದು ವಿಮಾನವೇ. ಹಾಗಾಗಿ ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲೇ ಹೋಟೆಲ್‌ನಿಂದ ಹೋಟೆಲ್‌ಗೆ ಕೋಚ್ ಸುತ್ತಬೇಕು. ನಾವು ಹೋದಾಗ ಅಜ್ಜಿ ಆಗಲೇ ಬಾಗಿಲಲ್ಲಿದ್ದರು. ಬಸ್ ಹತ್ತಲಿಲ್ಲ. ನನ್ನ ಕೈಯ ಪಟ್ಟಿಯ ಮೇಲೆ ಬೆರಳಾಡಿಸಿ ತಮ್ಮ ಹೆಸರು ಹುಡುಕಿ ಅಲ್ಲಿ ಬೆರಳಿಟ್ಟರು. ನಾನು ಟಿಕ್ ಹಾಕುವವರೆಗೆ ನಿಂತು ನೋಡಿ, ಆಮೇಲೆ ಮೆಟ್ಟಿಲೇರಿದರು.

ಮೆಸ್ ಬಿಲ್ ತೀರಿತು. ಈಗ ಆರನೇ ಸೆಮಿಸ್ಟರ್. ಮೊನ್ನೆ ಲ್ಯಾಬ್‌ನಲ್ಲಿ ಕೊನೆಯ ಮೂರು ರೀಡಿಂಗ್ ಬಾಕಿ ಇದ್ದಾಗ ಗೆಳೆಯ ಎಂದಿನಂತೆ, ‘ಗ್ರಾಫ್ ಸರಿ ಬಂದೈತಿ, ಉಳಿದದ್ದು ಅಂದಾಜಿನ ಮ್ಯಾಲ ಬರದ ಬಿಡು’ ಎಂದ. ಐದು ಸೆಮಿಸ್ಟರ್ ನಾನೂ ಹಾಗೇ ಬರೆದವನು. ಪೆನ್ನು ಹಿಡಿದೆ, ಆದರೆ ಕೈ ಮುಂದೆ ಹೋಗಲಿಲ್ಲ. ‘ಐದು ನಿಮಿಷ ತಡಿ’ ಎಂದು ಮತ್ತೆ ಮೋಟಾರ್ ಸ್ವಿಚ್ ಹಾಕಿದೆ.