ತೊಗರಿಯ ರಾಶಿಯೂ ತುಷ್ಟಿಗುಣದ ಗಣಿತವೂ

ಕಲಬುರಗಿ ಸೀಮೆಯನ್ನು ತೊಗರಿಯ ಕಣಜವೆಂದು ಕರೆಯುವುದು ರೂಢಿ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆಯ ರಾಶಿ ಮುಗಿದು ಚೀಲಗಳು ಮನೆ ಸೇರಿದೊಡನೆ ಪ್ರತಿವರ್ಷವೂ ಒಂದೇ ಪ್ರಶ್ನೆ ಎದುರಾಗುತ್ತದೆ: ಇಂದೇ ಗಂಜ್‌ಗೆ ಒಯ್ದು ಮಾರುವುದೋ, ದರ ಏರೀತೆಂದು ಕಾಯುವುದೋ? ಹಳ್ಳಿಯ ಒಕ್ಕಲಿಗನಿಗೂ ಶಹಾಬಜಾರದ ಧಾನ್ಯ ವ್ಯಾಪಾರಿಗೂ ಈ ಪ್ರಶ್ನೆ ಸಮಾನವಾದುದೇ. ಆದರೆ ಉತ್ತರ ಸಮಾನವಾಗಿರಬೇಕಾಗಿಲ್ಲ. ಏಕೆಂಬುದನ್ನು ತಿಳಿಸುವ ಶಾಸ್ತ್ರವೇ ನಿರ್ಧಾರ ವಿಶ್ಲೇಷಣೆ.

ಹಣದ ಮೊತ್ತ ಬೇರೆ, ಆ ಹಣದಿಂದ ಮನುಷ್ಯನಿಗೆ ದೊರೆಯುವ ತುಷ್ಟಿ ಬೇರೆ ಎಂಬ ವಿಚಾರವನ್ನು ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲಿಯೇ ಪ್ರತಿಪಾದಿಸಿದನು. ಬಡವನ ಕೈಗೆ ಬಂದ ಸಾವಿರ ರೂಪಾಯಿ ಸಿರಿವಂತನ ಕೈಗೆ ಬಂದ ಸಾವಿರ ರೂಪಾಯಿಗೆ ಸಮನಲ್ಲ. ಹಣ ಹೆಚ್ಚಿದಂತೆ ತುಷ್ಟಿಯೂ ಹೆಚ್ಚುವುದಾದರೂ ಹೆಚ್ಚಳದ ಪ್ರಮಾಣ ಕುಗ್ಗುತ್ತ ಹೋಗುತ್ತದೆ. ಈ ಸಂಬಂಧವನ್ನು ರೇಖೆಯಾಗಿ ಬರೆದರೆ ಅದೇ ತುಷ್ಟಿಗುಣ ಫಲನ. ನೇರವಾದ ರೇಖೆ ಅಪಾಯವನ್ನು ಲೆಕ್ಕಿಸದವನ ಸ್ವಭಾವವನ್ನು ಸೂಚಿಸಿದರೆ, ಏರುತ್ತ ಏರುತ್ತ ಬಾಗುವ ರೇಖೆ ಅಪಾಯಕ್ಕೆ ಅಂಜುವವನ ಸ್ವಭಾವವನ್ನು ಸೂಚಿಸುತ್ತದೆ. ವಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಎಂಬ ವಿದ್ವಾಂಸರು 1944ರಲ್ಲಿ ಈ ವಿಚಾರಕ್ಕೆ ಭದ್ರವಾದ ತಾರ್ಕಿಕ ತಳಹದಿಯನ್ನು ಹಾಕಿಕೊಟ್ಟರು.

ಹಿಂದೆ ಲಾಗರಿದಮ್ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಮಾಡಬೇಕಾಗಿದ್ದ ಈ ಗಣನೆಯನ್ನು ಇಂದು ಗಣಕಯಂತ್ರವು ಕ್ಷಣಾರ್ಧದಲ್ಲಿ ಮಾಡುತ್ತದೆ. ಎಕ್ಸೆಲ್‌ನೊಡನೆ ಕೆಲಸ ಮಾಡುವ ಪ್ರಿಸಿಷನ್‌ಟ್ರೀಯಂತಹ ತಂತ್ರಾಂಶಗಳು ಇದಕ್ಕಾಗಿಯೇ ಸಿದ್ಧವಾಗಿವೆ. ಬಳಸುವವನು ತನ್ನ ಮುಂದಿರುವ ದಾರಿಗಳನ್ನು ಮರದ ಕೊಂಬೆಗಳಂತೆ ಬಿಡಿಸಿ, ಪ್ರತಿ ಕೊಂಬೆಯ ಫಲವನ್ನೂ ಸಂಭವನೀಯತೆಯನ್ನೂ ತುಂಬಬೇಕು. ಕೊನೆಗೆ ‘ಅಪಾಯಸಹನೆ’ ಎಂಬ ಒಂದು ಸಂಖ್ಯೆಯನ್ನು ಕೊಡಬೇಕು. ಅದನ್ನು ಅರಿಯುವ ಬಗೆ ಸುಲಭ: ನಾಣ್ಯ ಚಿಮ್ಮಿ ಗೆದ್ದರೆ ಒಂದು ಮೊತ್ತ ಲಾಭ, ಸೋತರೆ ಅದರ ಅರ್ಧ ನಷ್ಟ ಎಂದಿರಲಿ. ಆಡಿದರೂ ಸರಿ, ಬಿಟ್ಟರೂ ಸರಿ ಎನಿಸುವ ಮೊತ್ತ ಯಾವುದೋ, ಸ್ಥೂಲವಾಗಿ ಅದೇ ಆತನ ಅಪಾಯಸಹನೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಹತ್ತು ಕ್ವಿಂಟಲ್ ತೊಗರಿಗೆ ಇಂದು 80,000 ರೂಪಾಯಿ ಖಚಿತ. ಮೂರು ತಿಂಗಳು ಕಾದರೆ ಖರ್ಚು ಕಳೆದು 1,00,000 ಅಥವಾ 66,000 ದೊರೆಯುವ ಸಂಭವ ಸಮಸಮ. ಸರಾಸರಿ 83,000, ಆದುದರಿಂದ ಕಾಯುವುದೇ ಲಾಭವೆಂದು ಸಾಮಾನ್ಯ ಲೆಕ್ಕ ಹೇಳುತ್ತದೆ. ಆದರೆ ಘಾತೀಯ ಫಲನವನ್ನು ಆರಿಸಿ ಅಪಾಯಸಹನೆಯನ್ನು 2,00,000 ಎಂದು ತುಂಬಿದರೆ, ಈ ಅನಿಶ್ಚಿತ ಆದಾಯದ ‘ನಿಶ್ಚಿತ ಸಮಮೌಲ್ಯ’ ಸುಮಾರು 82,280 ಎಂದು ತಂತ್ರಾಂಶ ತೋರಿಸುತ್ತದೆ. ಅದೇ ಸಂಖ್ಯೆಯನ್ನು 30,000ಕ್ಕೆ ಇಳಿಸಿದೊಡನೆ ಪರದೆಯ ಮೇಲಿನ ರೇಖೆ ಬಾಗಿ, ಸಮಮೌಲ್ಯವು ಸುಮಾರು 78,420ಕ್ಕೆ ಇಳಿಯುತ್ತದೆ. ಮೊದಲನೆಯವನು ಕಾಯುವುದು ಸರಿ. ಎರಡನೆಯವನು ಇಂದೇ ಮಾರುವುದೂ ಅಷ್ಟೇ ಸರಿ. ಸಾಲದ ಕಂತು ಬಾಗಿಲಲ್ಲಿ ನಿಂತಿರುವಾಗ ಬೇಗ ಮಾರಿದ ರೈತನನ್ನು ಅವಿವೇಕಿ ಎನ್ನುವುದಕ್ಕೆ ಗಣಿತದ ಆಧಾರವಿಲ್ಲ.

ನಮ್ಮ ಸೀಮೆಯ ನೆರೆಯಲ್ಲಿಯೇ ಈ ವಿಷಯದ ಪ್ರಸಿದ್ಧ ಪ್ರಯೋಗವೊಂದು ನಡೆದಿದೆ. ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವಾಂಗರ್, ಸೊಲ್ಲಾಪುರ ಜಿಲ್ಲೆಯ ಶಿರಾಪುರವೂ ಸೇರಿದಂತೆ ಮಹಾರಾಷ್ಟ್ರ ಮತ್ತು ಅಂದಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ನಿಜವಾದ ಹಣವನ್ನೇ ಕೊಟ್ಟು ರೈತರ ಸ್ವಭಾವವನ್ನು ಪರೀಕ್ಷಿಸಿ, ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ಖಚಿತವಾದ 50 ರೂಪಾಯಿ ಒಂದು ತುದಿಯಾದರೆ, ನಾಣ್ಯ ಚಿಮ್ಮಿ ಸೊನ್ನೆ ಅಥವಾ 200 ರೂಪಾಯಿ ಪಡೆಯುವುದು ಇನ್ನೊಂದು ತುದಿ. ನಡುವೆ ಹಲವು ಆಯ್ಕೆಗಳು. ಮೊತ್ತ ದೊಡ್ಡದಾದಾಗ ಹೆಚ್ಚಿನವರು ಎರಡೂ ತುದಿಗಳನ್ನು ಬಿಟ್ಟು ನಡುವಿನ ದಾರಿಯನ್ನೇ ಹಿಡಿದರು. ಗಮನಾರ್ಹವಾದ ಅಂಶವೆಂದರೆ, ಸಿರಿವಂತ ರೈತನಿಗೂ ಬಡ ರೈತನಿಗೂ ಈ ಸ್ವಭಾವದಲ್ಲಿ ಹೆಚ್ಚಿನ ಅಂತರ ಕಂಡುಬರಲಿಲ್ಲ. ಅವರು ಹೂಡುವ ಬಂಡವಾಳದಲ್ಲಿ ಅಂತರವಿದ್ದರೆ ಅದಕ್ಕೆ ಕಾರಣ ಮನಸ್ಸಿನ ಅಂಜಿಕೆಯಲ್ಲ, ಸಾಲಸೌಲಭ್ಯವೇ ಮೊದಲಾದ ಅನುಕೂಲಗಳ ಕೊರತೆ ಎಂಬುದು ಅವರ ನಿರ್ಣಯ.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮೊದಲನೆಯದು, ತಂತ್ರಾಂಶಕ್ಕೆ ತುಂಬುವ ಅಪಾಯಸಹನೆಯ ಸಂಖ್ಯೆ ನಿರ್ಧರಿಸುವವನದೇ ಆಗಿರಬೇಕು. ಸಲಹೆ ಹೇಳುವವನು ತನ್ನ ಸಂಖ್ಯೆಯನ್ನು ತುಂಬಿದರೆ ಬರುವ ಉತ್ತರ ಪರರ ಅಳತೆಯಲ್ಲಿ ಹೊಲಿದ ಅಂಗಿಯಂತೆ. ಎರಡನೆಯದು, ಆ ಸಂಖ್ಯೆ ಚಿಕ್ಕದಾಗಿದ್ದರೆ ರೈತನಿಗೆ ಧೈರ್ಯ ಬೋಧಿಸುವುದಕ್ಕಿಂತ ಅದನ್ನು ಚಿಕ್ಕದಾಗಿಸಿದ ಇಕ್ಕಟ್ಟನ್ನು ನಿವಾರಿಸುವುದೇ ಮೇಲು. ಉಗ್ರಾಣದಲ್ಲಿಟ್ಟ ದಾಸ್ತಾನಿನ ರಸೀದಿಯ ಮೇಲೆ ಸಾಲ ದೊರೆತರೆ ಅದೇ ರೈತನು ಕಾಯಬಲ್ಲನು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯ ತಿರುಳೂ ಇದೇ: ಸಣ್ಣದೊಂದು ಖಚಿತ ವೆಚ್ಚವನ್ನು ಒಪ್ಪಿ ದೊಡ್ಡದೊಂದು ಅನಿಶ್ಚಿತ ನಷ್ಟದಿಂದ ಪಾರಾಗುವುದು.

ಶಾಲೆಯ ಗಣಿತ ಪಾಠದಲ್ಲಿ ಲಾಗರಿದಮ್ ಕಲಿಯುವ ವಿದ್ಯಾರ್ಥಿಗೆ ಅದು ಪರೀಕ್ಷೆಗೆ ಮಾತ್ರ ಬೇಕಾದ ವಿದ್ಯೆಯೆನಿಸುವುದು ಸಹಜ. ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ ಮೇಲಿನ ಎರಡು ಸಂಖ್ಯೆಗಳನ್ನು ತುಂಬಿ ರೇಖೆ ಬಾಗುವುದನ್ನು ಕಣ್ಣಾರೆ ಕಂಡಾಗ, ತನ್ನ ಮನೆಯ ಪಡಸಾಲೆಯಲ್ಲಿಟ್ಟ ತೊಗರಿ ಚೀಲಗಳಿಗೂ ಆ ಗಣಿತಕ್ಕೂ ಇರುವ ನಂಟು ಅವನಿಗೆ ತಾನಾಗಿಯೇ ಮನವರಿಕೆಯಾಗುವುದು.